ಎದೆಯ ಮೇಲೆ ಹುಡುಕುತ್ತಿದ್ದ ಕೈ

ಹೋದ ವಾರ ಬಮ್ಮಿಗಟ್ಟಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ನನ್ನ ಬಾಜೂ ಒಬ್ಬ ಮುದುಕರು ಬಂದು ಕೂತರು. ಹಣೆ ತುಂಬ ವಿಭೂತಿ, ಮನೆಯಿಂದ ಹೊರಡುವಾಗ ಹಚ್ಚಿಕೊಂಡದ್ದಿರಬೇಕು, ಇನ್ನೂ ಹಸಿಯಿತ್ತು. ನಾನು ಚಟದಂತೆ ಸೀಟಿನ ಕಂಬಿ ಬಿಟ್ಟ ಕೂಡಲೇ ಚೀಲದಿಂದ ಸ್ಯಾನಿಟೈಸರ್ ತೆಗೆದು ಕೈಗೆ ಸವರಿಕೊಂಡೆ. ವಿಭೂತಿಯ ವಾಸನೆ, ಸ್ಪಿರಿಟಿನ ವಾಸನೆ ಎರಡೂ ಕೂಡಿ ಮೂಗಿಗೆ ಬಂದವು. ಕಿಟಕಿ ತೆಗೆದರೆ ಮಳೆ ಒಳಗೆ ಬರುತ್ತದೆ ಅಂತ ಗೊತ್ತಿದ್ದೂ ತೆಗೆದೆ. ಹಿಂದಿನ ಸೀಟಿನವರು ಬೈದರು.

ಆ ಎರಡು ವಾಸನೆಯನ್ನು ಕೂಡಿಸಿ ನಾನು ಅದಕ್ಕೂ ಮುಂಚೆ ಒಮ್ಮೆ ಮಾತ್ರ ಮೂಸಿದ್ದೆ. ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ, ಒಬ್ಬ ಮನುಷ್ಯನ ಹಣೆಯ ವಿಭೂತಿಯನ್ನು ಸ್ಪಿರಿಟ್ ಹತ್ತಿಯಿಂದ ನಾನೇ ಒರೆಸಿದ ದಿನ.

ಆಗ ನಾನು ನಮ್ಮ ಜಿಲ್ಲೆಯ ಒಂದು ತಾಲೂಕು ಊರಿನ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಯಾವ ಊರು ಅಂತ ಹೇಳುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ. ಅಲ್ಲಿ ಹೊಸದಾಗಿ ಐಸಿಯು ಆಗಿತ್ತು. ಆರು ಹಾಸಿಗೆ, ಉಸಿರಾಡಿಸುವ ಮಷಿನ್ ಎರಡು. ಒಂದು ಪಾಳಿಗೆ ಒಬ್ಬಳೇ ಸಿಸ್ಟರ್, ನೆಲ ಒರೆಸಿ ಹಾಸಿಗೆ ಬದಲಿಸಲು ಒಬ್ಬ ಆಯಾ. ಡಾಕ್ಟರು ಮೈಸೂರು ಕಡೆಯವರು, ಸಣ್ಣ ವಯಸ್ಸು. ಅವರು ನಮ್ಮನ್ನೂ ನೋಡಬೇಕು, ಕೆಳಗಿನ ತುರ್ತು ವಿಭಾಗವನ್ನೂ ನೋಡಬೇಕು. ಮೆಟ್ಟಿಲು ಹತ್ತಿ ಇಳಿದೇ ಅವರು ಸೊರಗಿಹೋಗಿದ್ದರು. ಆ ವರ್ಷ ಮಳೆ ಜೋರು. ಕರೆಂಟು ಹೋಗಿ ಜನರೇಟರ್ ಹತ್ತುವ ತನಕದ ಆ ಕೆಲವು ಗಳಿಗೆ ಮಷಿನ್‌ಗಳು ಬ್ಯಾಟರಿಯ ಮೇಲೆ ಚೀರುತ್ತಿದ್ದವು, ನಾನು ಎರಡು ಹಾಸಿಗೆಯ ನಡುವೆ ನಿಂತು ಉಸಿರು ಬಿಗಿಹಿಡಿಯುತ್ತಿದ್ದೆ.

ನನಗೆ ನನ್ನ ಐಸಿಯು ಅಂದರೆ ಭಾರೀ ಜಂಬ. ಹುಬ್ಬಳ್ಳಿಯಲ್ಲಿ ತರಬೇತಿ ಮುಗಿಸಿ ಬಂದವಳು. ಕೊರಳಲ್ಲಿ, ಕೈಯಲ್ಲಿ, ಕಿವಿಯಲ್ಲಿ ಯಾರಿಗೂ ಏನೂ ಇರಕೂಡದು, ಎಲ್ಲದರಲ್ಲೂ ಸೋಂಕು ಕೂತಿರುತ್ತದೆ ಅಂತ ನೂರು ಸಲ ಹೇಳುತ್ತಿದ್ದೆ. ಹೇಳಿದ್ದನ್ನು ಮೊದಲು ನನಗೇ ಮಾಡಿಕೊಂಡಿದ್ದೆ. ಹುಟ್ಟಿದಾಗ ಕೊರಳಿಗೆ ಕಟ್ಟಿದ ನನ್ನ ಇಷ್ಟಲಿಂಗವನ್ನು ಕೆಲಸಕ್ಕೆ ಸೇರಿದ ದಿನವೇ ತೆಗೆದು ಅಣ್ಣಿಗೇರಿಯ ನಮ್ಮ ಮನೆಯ ದೇವರ ಜಗಲಿಯ ಮೇಲೆ ಇಟ್ಟಿದ್ದೆ. ನಮ್ಮವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೂರನೇ ದಿನ ಮಾತಾಡಿದಳು, ಆದರೆ ಆ ವಿಷಯ ಎತ್ತಲಿಲ್ಲ. ಹಳೇ ಕಾಲದವಳು ಅಂದುಕೊಂಡು ನಾನೂ ಮರೆತೆ.

ಚನಬಸಪ್ಪ ಅಜ್ಜನನ್ನು ಕರೆತಂದದ್ದು ಒಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಬಮ್ಮಿಗಟ್ಟಿಯವರು, ಅರವತ್ತೈದು ದಾಟಿದ ಗಟ್ಟಿ ಆಳು. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ ಪೂಜೆಗೆ ಕೂತಿದ್ದರಂತೆ. ಕೂತಲ್ಲೇ ಕಣ್ಣೆವೆ ಜೋತುಬಿದ್ದವು, ನಾಲಗೆ ತೊದಲಿತು, ಪಕ್ಕಕ್ಕೆ ವಾಲಿದರು. ಅಂಗೈಯಲ್ಲಿದ್ದ ಲಿಂಗವನ್ನು ಅವರ ಹೆಂಡತಿ ನೀಲವ್ವ ತಾನೇ ಬಿಳಿ ವಸ್ತ್ರದಲ್ಲಿ ಕಟ್ಟಿ, ಕೊರಳಿಗೆ ಹಾಕಿ, ಬಾಜೂ ಮನೆಯವರ ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದಳು. ಮೈಮೇಲೆ ಹಲ್ಲಿನ ಗುರುತು ಕೂಡ ಇರಲಿಲ್ಲ. ಕಣ್ಣು ನೋಡಿಯೇ ಡಾಕ್ಟರು ರಾತ್ರಿ ಮಲಗಿದ್ದಾಗ ಕಟ್ಟುಹಾವು ಕಡಿದಿದೆ ಅಂದರು. ನಮ್ಮ ಕೈಗೆ ಬರುವಷ್ಟರಲ್ಲಿ ಉಸಿರು ನಿಲ್ಲುವುದಕ್ಕೆ ಬಂದಿತ್ತು.

ಅಂಥ ಹೊತ್ತಿನಲ್ಲಿ ಕೈ ತಾನಾಗಿ ಓಡುತ್ತದೆ. ಅಂಗಿ ಕತ್ತರಿಸಿದೆ. ಕೊರಳಿನ ದಾರ ಅಡ್ಡ ಬಂತು, ಅದನ್ನೂ ಕತ್ತರಿಸಿದೆ. ಬಾಯಿಗೆ ಹಾಕಿದ ನಳಿಗೆಯನ್ನು ಹಿಡಿದಿಡಲು ಪಟ್ಟಿ ಅಂಟಬೇಕು ಅಂತ ಬೆವರಿದ ಮುಖವನ್ನು ಸ್ಪಿರಿಟಿನಿಂದ ಒರೆಸಿದೆ. ಹಣೆ ಒರೆಸುವ ಗರಜೇ ಇರಲಿಲ್ಲ, ಅದನ್ನೂ ಒರೆಸಿದೆ. ಆ ವಾಸನೆ ಆಗಲೇ ಬಂದದ್ದು. ಕತ್ತರಿಸಿದ ಅಂಗಿ, ದಾರ ಸಮೇತ ಆ ಬಿಳಿ ಗಂಟು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಹಾಸಿಗೆಯ ನಂಬರು ಮೂರು ಅಂತ ಬರೆದು ನನ್ನ ಮೇಜಿನ ಕೆಳಗಿನ ಡ್ರಾಯರಿಗೆ ತಳ್ಳಿದೆ. ಆಮೇಲೆ ಮನೆಯವರಿಗೆ ಕೊಟ್ಟರಾಯಿತು ಅಂತ. ಆ ಆಮೇಲೆ ಬರಲೇ ಇಲ್ಲ.

ಔಷಧ ಕೊಟ್ಟು ಮಷಿನ್‌ಗೆ ಹಚ್ಚಿದ ಮೇಲೆ ಡಾಕ್ಟರು ನನಗೆ ಒಂದು ಮಾತು ಹೇಳಿದರು. "ಇವರಿಗೆ ಎಲ್ಲಾ ಕೇಳಿಸ್ತಾ ಇರುತ್ತೆ ಸಿಸ್ಟರ್. ವಿಷ ಕೈಕಾಲು, ರೆಪ್ಪೆ, ಉಸಿರು ಹಿಡಿದಿದೆ, ಬುದ್ಧೀನ ಅಲ್ಲ. ಮಾತಾಡಿಸ್ತಾ ಇರಿ."

ಇದು ನನಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯಲ್ಲಿ ಬರೆದು ಪಾಸಾದದ್ದೇ. ಮೊದಲ ದಿನ ನಾಲ್ಕು ಸಲ ಮಾತಾಡಿಸಿದೆ. ಅಜ್ಜಾರ, ಸೂಜಿ ಹಾಕ್ತೀನ್ರಿ, ಅಜ್ಜಾರ, ಮಗ್ಗಲಾ ಹೊರಳಸ್ತೀನ್ರಿ ಅಂತ. ಎರಡನೇ ದಿನ ಒಂದನೇ ಹಾಸಿಗೆಗೆ ಹೊಲಕ್ಕೆ ಹೊಡೆಯುವ ಔಷಧ ಕುಡಿದ ಹೆಣ್ಣುಮಗಳು ಬಂದಳು, ಐದನೇ ಹಾಸಿಗೆಯವರಿಗೆ ಮೂರು ಸಲ ಫಿಟ್ಸ್ ಬಂತು. ಕಣ್ಣು ಬಿಡದ, ಬೆರಳು ಅಲ್ಲಾಡಿಸದ ಮನುಷ್ಯನ ಜೊತೆ ಮಾತಾಡಲು ನನ್ನ ಬಳಿ ಮಾತು ಉಳಿಯಲಿಲ್ಲ. ಪಾಳಿ ಮುಗಿದಾಗ ಅವರ ಹಾಸಿಗೆಯ ಹತ್ತಿರವೇ ನಿಂತು ಮುಂದಿನ ಸಿಸ್ಟರಿಗೆ ಡ್ಯೂಟಿ ಒಪ್ಪಿಸಿ ಹೋಗುತ್ತಿದ್ದೆ.

ನೀಲವ್ವ ಹೊರಗಿನ ಪಡಸಾಲೆಯಲ್ಲಿ ಒಂದು ಗಂಟು ಬಟ್ಟೆ ಇಟ್ಟುಕೊಂಡು ಕೂತೇ ಇರುತ್ತಿದ್ದಳು. ದಿನಕ್ಕೆ ಒಮ್ಮೆ, ಹತ್ತು ನಿಮಿಷ ಅವಳನ್ನು ಒಳಗೆ ಬಿಡುತ್ತಿದ್ದೆ, ಅದೂ ಕಾಲ ಹತ್ತಿರ ನಿಲ್ಲಬೇಕು, ಮುಟ್ಟಬಾರದು. ಅಜ್ಜನಿಗೆ ಕುತ್ತಿಗೆಯ ತನಕ ಹಸಿರು ಚಾದರ ಹೊದಿಸಿರುತ್ತಿತ್ತು. ಎರಡನೇ ದಿನ ಅವಳು ಕೇಳಿದ್ದು ನನಗೆ ಈಗ ಸ್ಪಷ್ಟ ನೆನಪಿದೆ, ಆಗ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. "ಕೊಳ್ಳಾಗ ಲಿಂಗ ಐತಲ್ರಿ ಬಾಯಾರ?" ಅಂತ ಕೇಳಿದಳು. ನಾನು ಸಿರಿಂಜಿಗೆ ಔಷಧ ಎಳೆಯುತ್ತಿದ್ದೆ, ಗುಳ್ಳೆ ಉಳಿಯಬಾರದು ಅಂತ ಅದರ ಮೇಲೇ ಲಕ್ಷ್ಯ. ಐತ್ರಿ, ಎಲ್ಲಾ ಐತಿ, ಹೊತ್ತಾತು ನಡ್ರಿ ಅಂದೆ. ಅವಳು ಕೈಮುಗಿದು ಹೊರಗೆ ಹೋದಳು.

ನಾಲ್ಕನೇ ದಿನ ಅಜ್ಜನ ಬೆರಳು ಅಲ್ಲಾಡಿದವು. ಡಾಕ್ಟರ ಮುಖದ ಮೇಲೆ ಆ ವಾರದ ಮೊದಲ ನಗು ಕಂಡೆ. ವಿಷ ಇಳಿಯುತ್ತಿದೆ, ಎರಡು ದಿನದಲ್ಲಿ ಮಷಿನ್ ಬಿಡಿಸಬಹುದು ಅಂದರು. ಮಧ್ಯಾಹ್ನದ ಹೊತ್ತಿಗೆ ಎಡಗೈ ಪೂರ್ತಿ ಮೇಲೆದ್ದಿತು, ನಡುಗುತ್ತ ನಡುಗುತ್ತ ಎದೆಯ ಕಡೆ ಬಂತು. ನಾನು ಓಡಿ ಹೋಗಿ ಹಿಡಿದುಕೊಂಡೆ. ಬಾಯಿಯ ನಳಿಗೆ ಕಿತ್ತುಕೊಂಡರೆ ಅಲ್ಲಿಗೆ ಮುಗಿಯಿತು, ಐಸಿಯುನಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಅದೇ. ಕೆಳಗಿಟ್ಟರೆ ಮತ್ತೆ ಎತ್ತಿದರು. ಗದರಿಸಿದರೂ ಎತ್ತಿದರು. ಆರು ಹಾಸಿಗೆಗೆ ಒಬ್ಬಳೇ ನಾನು, ಅವರ ಕೈ ಹಿಡಿದುಕೊಂಡು ಕೂಡಲು ಸಾಧ್ಯವಿರಲಿಲ್ಲ. ಗಾಯಕ್ಕೆ ಸುತ್ತುವ ಬಟ್ಟೆಯ ಪಟ್ಟಿ ತಂದು ಎರಡೂ ಮುಂಗೈಯನ್ನು ಮಂಚದ ಸರಳಿಗೆ ಕಟ್ಟಿದೆ. ಮೆತ್ತಗೇ ಕಟ್ಟಿದೆ, ರಕ್ತ ಹರಿಯುವಂತೆ, ನಿಯಮದ ಪ್ರಕಾರ. ರೋಗಿಯು ನಳಿಗೆ ಕೀಳಲು ಯತ್ನಿಸುತ್ತಿರುವುದರಿಂದ ಕೈ ಕಟ್ಟಲಾಗಿದೆ ಅಂತ ನನ್ನ ದುಂಡು ಅಕ್ಷರದಲ್ಲಿ ಬರೆದೆ. ಐದನೇ ದಿನವೂ ಅದನ್ನೇ ಬರೆದೆ.

ಕಟ್ಟಿದ ಮೇಲೆ ಅವರು ಇನ್ನೂ ಜಾಸ್ತಿ ಗುದ್ದಾಡತೊಡಗಿದರು. ಮಷಿನ್ ಕೊಡುವ ಉಸಿರಿಗೆ ಎದುರಾಗಿ ಕೆಮ್ಮುವುದು, ಎದೆಬಡಿತ ಏರುವುದು, ಅಲಾರಂ ಹೊಡೆದುಕೊಳ್ಳುವುದು. ಶಾಂತವಾಗಲಿ ಅಂತ ಮಂಪರಿನ ಔಷಧ ಏರಿಸಬೇಕಾಯಿತು. ಮಂಪರು ಏರಿದರೆ ಸ್ವಂತ ಉಸಿರು ಇಳಿಯುತ್ತದೆ, ಮಷಿನ್ ಬಿಡಿಸಲು ಆಗುವುದಿಲ್ಲ. ಬಿಡಿಸಲು ಅಂತ ಔಷಧ ಇಳಿಸಿದರೆ ಮತ್ತೆ ಗುದ್ದಾಟ. ಐದನೇ ದಿನ ಸಂಜೆ ಜ್ವರ ಬಂತು, ನಳಿಗೆಯಲ್ಲಿ ಹಳದಿ ಕಫ ಕಂಡಿತು. ಡಾಕ್ಟರು ನೀಲವ್ವನನ್ನು ಕರೆದು ಇದ್ದದ್ದನ್ನು ಇದ್ದಂತೆ ಹೇಳಿದರು. ವಿಷ ಇಳಿದಿದೆ, ಆದರೆ ಸೋಂಕು ಎದೆಗೆ ಇಳಿಯುತ್ತಿದೆ, ಇನ್ನೆರಡು ದಿನದಲ್ಲಿ ಮಷಿನ್ ಬಿಡಿಸದಿದ್ದರೆ ತಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಅಂತ. ದೊಡ್ಡ ಆಸ್ಪತ್ರೆಗಳಿಗೆ ಫೋನು ಮಾಡಿದರೆ ಎಲ್ಲಿಯೂ ಹಾಸಿಗೆ ಖಾಲಿ ಇರಲಿಲ್ಲ. ಹಾವಿನಿಂದ ಉಳಿದ ಮನುಷ್ಯ ನಮ್ಮ ಕೈಯಲ್ಲಿ ಸಾಯುತ್ತಿದ್ದ.

ಆರನೇ ದಿನ ಬೆಳಿಗ್ಗೆ ನಮ್ಮ ಆಯಾ ಜೈತೂನಬಿ ನೆಲ ಒರೆಸುತ್ತ ಮೂರನೇ ಹಾಸಿಗೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತವಳು ಏಳಲೇ ಇಲ್ಲ. ದುಮ್ಮವಾಡದವಳು, ಮಾತು ಕಡಿಮೆ, ಕೆಲಸ ಚೊಕ್ಕ. ಏನಾತು ಅಂದೆ. ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಮೆಲ್ಲಗೆ ಹೇಳಿದಳು.

"ಅಜ್ಜಾರ ನಳಗಿಗೆ ಕೈ ಹಾಕಾಕತ್ತಿಲ್ರಿ ಸಿಸ್ಟರ್. ಎದಿ ಹುಡಕಾಕತ್ತಾರ."

ನನಗೆ ಸಿಟ್ಟು ಬಂತು. ಇವಳೇನು ನನಗೆ ಹೇಳುವುದು ಅಂತ. ಅವಳು ಅಷ್ಟಕ್ಕೆ ಬಿಡಲಿಲ್ಲ. ತನ್ನ ಬಾಜೂ ಮನೆಯ ಗೌಡರು ದಿನಾ ಬೆಳಿಗ್ಗೆ ಎದ್ದ ಕೂಡಲೇ, ಕಣ್ಣು ಬಿಡುವ ಮೊದಲು, ಹಿಂಗೇ ಎದೆ ಮುಟ್ಟಿಕೊಳ್ಳುತ್ತಾರೆ, ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ ಅಂದಳು. ಆಮೇಲೆ ನನ್ನ ಮುಖ ನೋಡಿ, "ಅವರ ಲಿಂಗ ಎಲ್ಲೈತ್ರಿ?" ಅಂತ ಕೇಳಿದಳು.

ನನ್ನ ಕಣ್ಣು ಮೇಜಿನ ಕೆಳಗಿನ ಡ್ರಾಯರಿನ ಕಡೆ ಹೋಯಿತು. ಲಿಂಗವಂತರ ಮನೆಯಲ್ಲಿ ಹುಟ್ಟಿದವಳು ನಾನು. ಲಿಂಗ ಮೈಯಿಂದ ಅಗಲಿದರೆ ಜೀವ ಅಗಲಿದಂತೆ ಅಂತ ನನ್ನ ಅಜ್ಜಿ ಹೇಳಿದ್ದನ್ನು ಕೇಳುತ್ತ ಬೆಳೆದವಳು. ನನಗೆ ಹೊಳೆಯದೇ ಇದ್ದದ್ದು ಒಬ್ಬ ಮುಸಲ್ಮಾನರ ಹೆಣ್ಣುಮಗಳಿಗೆ ನೆಲ ಒರೆಸುವಾಗ ಹೊಳೆದಿತ್ತು. ಡ್ರಾಯರು ಅವರ ಹಾಸಿಗೆಯಿಂದ ನಾಲ್ಕು ಹೆಜ್ಜೆ. ಆರು ದಿನ ನಾನು ಅದೇ ಮೇಜಿನ ಮುಂದೆ ಕೂತು ಬರೆದಿದ್ದೆ.

ಡಾಕ್ಟರನ್ನು ಕರೆಸಿದೆ. ಅವರು ಅಜ್ಜನ ತಲೆಯ ಕಡೆ ನಿಂತು ನಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡರು, ನಾನು ಎಡಗೈಯ ಪಟ್ಟಿ ಬಿಚ್ಚಿದೆ. ಕೈ ಮೇಲೆದ್ದಿತು. ನಳಿಗೆಯ ಹತ್ತಿರ ಕೂಡ ಹೋಗಲಿಲ್ಲ. ಎದೆಯ ನಡುವೆ ಇಳಿಯಿತು, ಬೆರಳಿನಿಂದ ಅಲ್ಲಿ ತಡವಿತು, ಎಡಕ್ಕೆ ತಡವಿತು, ಬಲಕ್ಕೆ ತಡವಿತು, ಮಾನಿಟರಿನ ಒಂದು ವೈರು ಸಿಕ್ಕಿತು, ಅದನ್ನು ಬಿಟ್ಟಿತು. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ.

ಕವರು ತೆಗೆದೆ. ಬಿಳಿ ವಸ್ತ್ರದ ಗಂಟು ಹಾಗೇ ಇತ್ತು. ಡಾಕ್ಟರು ಸೋಂಕಿನ ಮಾತು ಎತ್ತಲಿಲ್ಲ, ರಕ್ತದ ಮಾದರಿ ಹಾಕುವ ಸಣ್ಣ ಚೀಲವೊಂದನ್ನು ತಾವೇ ತಂದು ಕೊಟ್ಟರು. ಅದರಲ್ಲಿಟ್ಟು ಅಜ್ಜನ ಎಡ ಅಂಗೈಯಲ್ಲಿ ಇಟ್ಟೆ. ಬೆರಳು ತಾವಾಗಿಯೇ ಒಂದೊಂದಾಗಿ ಮುಚ್ಚಿಕೊಂಡವು. ಬೀಳಬಾರದು ಅಂತ ಅವರ ಕೈ ಕಟ್ಟಿದ್ದ ಅದೇ ಪಟ್ಟಿಯಿಂದ ಮುಷ್ಟಿಯ ಸುತ್ತ ಎರಡು ಸುತ್ತು ಹಾಕಿದೆ. ಮಾನಿಟರಿನಲ್ಲಿ ಎದೆಬಡಿತ ಇಳಿಯುತ್ತ ಬಂತು. ಅಲಾರಂ ನಿಂತಿತು. ಜೈತೂನಬಿ ಬಕೆಟ್ಟು ಎತ್ತಿಕೊಂಡು ನಾಲ್ಕನೇ ಹಾಸಿಗೆಯ ಕಡೆ ಹೋದಳು.

ಅವತ್ತು ಮಂಪರಿನ ಔಷಧ ನಿಲ್ಲಿಸಿದರೂ ಅವರು ಗುದ್ದಾಡಲಿಲ್ಲ. ಎಂಟನೇ ದಿನ ಮುಂಜಾನೆ ನಳಿಗೆ ತೆಗೆದೆವು. ಜ್ವರ ಇಳಿಯಲು ಇನ್ನೂ ನಾಲ್ಕು ದಿನ ಬೇಕಾಯಿತು, ಆದರೆ ಉಸಿರು ಅವರದೇ ಆಗಿತ್ತು. ಅಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಜೀವ ಉಳಿಸಿದೆವು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಧ್ವನಿ ಬಂದ ದಿನ ಅಜ್ಜ ನನ್ನನ್ನು ಕರೆಸಿಕೊಂಡರು. ನೀಲವ್ವ ಅವರ ಹತ್ತಿರ ಸ್ಟೂಲಿನ ಮೇಲೆ ಕೂತು ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮುಖ ನೋಡಿದ್ದು ಅವತ್ತೇ ಮೊದಲಂತೆ, ಧ್ವನಿಯ ಗುರ್ತು ಇತ್ತಂತೆ.

"ಎರಡನೇ ದಿನ ನೀ ಅಂದಿ ತಂಗೀ, ಮೂರನೇ ಹಾಸಿಗಿ ಹೋದಂಗ ಅಂತ. ಆವಾಗ ಖಾತ್ರಿ ಆತು ನನಗ, ನಾ ಸತ್ತೀನಿ ಅಂತ."

ನಾನು ಹಾಗೆ ಅಂದಿದ್ದೆನೇ? ಅಂದಿದ್ದೆ. ಡ್ಯೂಟಿ ಒಪ್ಪಿಸುವಾಗ ಮುಂದಿನ ಸಿಸ್ಟರಿಗೆ ಅಂದಿದ್ದೆ, ಎಲ್ಲ ದಿನವೂ ಯಾರಾದರೊಬ್ಬರ ಬಗ್ಗೆ ಅನ್ನುವಂತೆ.

ಅಜ್ಜ ಬಿಟ್ಟು ಬಿಟ್ಟು, ನೀರು ಕುಡಿದು ಕುಡಿದು ಉಳಿದದ್ದನ್ನು ಹೇಳಿದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಬೆಳೆ ಹೇಗೆ ಬಂತು ಅಂತ ಹೇಳುವ ಧಾಟಿಯಲ್ಲೇ ಹೇಳಿದರು. ಮೊದಲು ಕೊರಳು ಬರಿದಾದದ್ದು ಗೊತ್ತಾಯಿತಂತೆ. ಹಣೆಯ ಮೇಲೆ ತಣ್ಣಗೆ ಏನೋ ಹಚ್ಚಿ ಒರೆಸಿದ್ದು ಗೊತ್ತಾಯಿತಂತೆ, ಹೆಣಕ್ಕೆ ನೀರು ಹಾಕುತ್ತಿದ್ದಾರೆ ಅಂದುಕೊಂಡರಂತೆ. ಕಣ್ಣು ತೆರೆಯುವುದಿಲ್ಲ, ಕೈ ಏಳುವುದಿಲ್ಲ, ಸುತ್ತ ಹೆಂಗಸರ ದನಿ. ಆಮೇಲೆ ಬೆನ್ನಿನ ಹಿಂದೆ ಎತ್ತರಿಸಿ ಕೂಡ್ರಿಸಿದರಂತೆ. ಹೌದು, ಮಷಿನ್ ಹಚ್ಚಿದವರ ತಲೆಯ ಕಡೆಯ ಹಾಸಿಗೆಯನ್ನು ನಾವು ಎತ್ತರಿಸಿಯೇ ಇಡುತ್ತೇವೆ, ಕಫ ಇಳಿಯಬಾರದು ಅಂತ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡ್ರಿಸಿ, ವಾಲಬಾರದು ಅಂತ ಬಟ್ಟೆಯಿಂದ ಕಟ್ಟುತ್ತೇವೆ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತೇವೆ. ಕೂಡ್ರಿಸಿದ್ದು ಆಯಿತು, ನಾಲ್ಕನೇ ದಿನ ಕಟ್ಟಿದ್ದೂ ಆಯಿತು.

"ಸತ್ತಿದ್ದಕ್ಕ ಅಂಜಿಕಿ ಆಗ್ಲಿಲ್ಲ ತಂಗೀ. ವಯಸ್ಸಾಗೇತಿ. ಕೈಯಾಗ ಲಿಂಗ ಇಡೂದು ಮರತಾರ, ಹಂಗ ಮಣ್ಣಾಗ ಇಡ್ತಾರ ಅಂತ ಜೀವ ಬಡಕೊಂತು. ಹುಡುಕೂಣು ಅಂದ್ರ ಕೈ ಕಟ್ಟಿದ್ರಿ."

ನೀಲವ್ವನ ಚಮಚ ಬಟ್ಟಲಿನಲ್ಲಿ ನಿಂತಿತ್ತು. ಅವಳು ನನ್ನ ಕಡೆ ತಿರುಗಿ, "ನಾ ನಿಮ್ಮನ್ನ ಕೇಳಿದ್ದೆ," ಅಂದಳು. ಅಷ್ಟೇ ಅಂದಳು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಹೊರಗೆ ಹೋಗಿ ಕೈ ತೊಳೆಯುವ ನಲ್ಲಿಯ ಮುಂದೆ ನಿಂತೆ, ನೀರು ಬಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಜೈತೂನಬಿ ಬಂದು ನಲ್ಲಿ ಬಂದ್ ಮಾಡಿದಳು.

ಆರು ದಿನ. ಜೀವಂತ ಮನುಷ್ಯ ತನ್ನನ್ನು ಹೂಳುತ್ತಾರೆ ಅಂತ ಕಾಯುತ್ತ, ಕಿವಿ ತೆರೆದು, ನನ್ನ ಎದುರಿಗೇ ಕೂತಿದ್ದ. ನಾನು ಅವರ ಮಂಚಕ್ಕೆ ಆತುಕೊಂಡು ಚಹಾ ಕುಡಿದಿದ್ದೆ. ಆ ವಾರವೇ ರಜೆ ಹಾಕಿ ಅಣ್ಣಿಗೇರಿಗೆ ಹೋಗಿ ಜಗಲಿಯ ಮೇಲಿನ ನನ್ನ ಲಿಂಗದ ಮುಂದೆ ಕೂತೆ. ಕೊರಳಿಗೆ ಹಾಕಿಕೊಳ್ಳಲು ಧೈರ್ಯ ಬರಲಿಲ್ಲ, ಇಂದಿಗೂ ಬಂದಿಲ್ಲ. ಆದರೆ ಕೆಲಸದಲ್ಲಿ ಒಂದು ಚಟ ಅಂಟಿಕೊಂಡಿತು. ರೋಗಿಯ ಮೈಯಿಂದ ಏನು ತೆಗೆದರೂ, ದಾರವಾಗಲಿ ತಾಯತವಾಗಲಿ ತಾಳಿಯಾಗಲಿ, ಅವರ ಕಿವಿಗೆ ಬಗ್ಗಿ ಹೇಳುತ್ತೇನೆ, ಇಂಥದ್ದು ತೆಗೆದಿದ್ದೇನೆ, ಇಲ್ಲೇ ನಿಮ್ಮ ಕೈಗೆ ಕಟ್ಟುತ್ತೇನೆ ಅಂತ. ಹೊಸ ಸಿಸ್ಟರುಗಳು ಹಿಂದಿನಿಂದ ನಗುತ್ತಾರೆ. ನಗಲಿ.

ಹೋದ ವಾರ ನೀಲವ್ವನ ಮನೆಯಿಂದ ಫೋನು ಬಂತು. ಅಜ್ಜ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ, ಪೂಜೆ ಮುಗಿಸಿ ಮಲಗಿದವರು ಏಳಲಿಲ್ಲ. ಆ ತಂಗಿಗೆ ಹೇಳಿ ಕಳಸ್ರಿ ಅಂತ ಅವರೇ ಮೊದಲೇ ಹೇಳಿಟ್ಟಿದ್ದರಂತೆ. ಬೈಯಿಸಿಕೊಳ್ಳಲು ಅಂತಲೇ ನಾನು ಬಸ್ಸು ಹತ್ತಿದ್ದೆ.

ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ. ವಾಲಬಾರದು ಅಂತ ಎದೆಗೆ ಬಟ್ಟೆ ಕಟ್ಟಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಕಣ್ಣು ಮೊದಲು ಹೋದದ್ದು ಅವರ ಉಸಿರಿನ ಕಡೆ, ಎದೆ ಏರುತ್ತದೆಯೋ ಅಂತ. ಏರಲಿಲ್ಲ. ನಿಜವಾಗಿ ಏರಲಿಲ್ಲ ಅಂತ ನನಗೆ ಮೂರು ಸಲ ನೋಡಿದ ಮೇಲೆಯೇ ನಂಬಿಕೆ ಬಂತು.

ಮುಂದಿನ ಕ್ರಿಯೆಗೆ ಅಯ್ಯನವರು ಬಂದು ಕೂತಿದ್ದರು. ನೀಲವ್ವ ಅವರಿಗೆ ಸ್ವಲ್ಪ ತಡೆಯಲು ಹೇಳಿ ಎದ್ದು ನನ್ನ ಹತ್ತಿರ ಬಂದಳು. ಅವಳ ಕೈಯಲ್ಲಿ ಆ ಬಿಳಿ ಗಂಟು ಇತ್ತು. ದಾರ ಅದೇ ಹಳೆಯದು. ನಾನು ಕತ್ತರಿಸಿದ ಜಾಗದಲ್ಲಿ ಒಂದು ಗಂಟು ಹಾಕಿ ಅದನ್ನೇ ಅವರು ನಾಲ್ಕು ವರ್ಷ ಕೊರಳಲ್ಲಿ ಇಟ್ಟುಕೊಂಡಿದ್ದರು.

"ತಗದಾಕಿ ನೀವ್ರಿ ಬಾಯಾರ," ಅಂದಳು. "ಇವತ್ತ ನಿಮ್ಮ ಕೈಲೆ ಇಡ್ರಿ. ಅವರ ಹೇಳಿ ಹೋಗ್ಯಾರ."

ಅಯ್ಯನವರು ಸುಮ್ಮನೆ ಸರಿದು ಜಾಗ ಕೊಟ್ಟರು. ನಾನು ಅಜ್ಜನ ಮುಂದೆ ಕೂತೆ. ಅವರ ಕಿವಿಗೆ ಬಗ್ಗಿ, ಅಜ್ಜಾರ, ಲಿಂಗ ಇಡಾಕತ್ತೀನ್ರಿ ಅಂದೆ. ಎಡ ಅಂಗೈಯಲ್ಲಿ ಇಟ್ಟೆ. ಆ ವರ್ಷ ಬೆರಳು ತಾವಾಗಿಯೇ ಮುಚ್ಚಿಕೊಂಡಿದ್ದವು. ಈಗ ನಾನೇ ಒಂದೊಂದಾಗಿ ಮಡಚಬೇಕಾಯಿತು.